‘ಸದ್ಯಕ್ಕೆ ಇಲ್ಲಿರಲಿ’ ಅನ್ನುವುದಕ್ಕೊಂದು ತಾರೀಖು ಬರೆಯಿರಿ

ಮಕ್ಕಳ ರಕ್ಷಣೆಯ ಫೈಲುಗಳಿಗೆ ಸಹಿ ಹಾಕುವ ಅಧಿಕಾರಿಗಳಿಗೆ, ಮನೆಯಿಂದ ಹೊರಗೆ ತಂದ ಮಕ್ಕಳನ್ನು ಇಡುವ ಹೋಮ್‌ಗಳನ್ನು ನಡೆಸುವವರಿಗೆ, ಅವಕ್ಕೆ ದುಡ್ಡು ಮಂಜೂರು ಮಾಡುವವರಿಗೆ,

ನಮಸ್ಕಾರ.

ಮಗುವೊಂದನ್ನು ರಾತ್ರೋರಾತ್ರಿ ಅದರ ಮನೆಯಿಂದ ಹೊರಗೆ ಕರೆತರಬೇಕಾದಾಗ ನಿಮ್ಮ ಕಚೇರಿಗಳಲ್ಲಿ ಮೊದಲು ಕೇಳುವ ಪ್ರಶ್ನೆ, “ಎಲ್ಲಿ ಬೆಡ್ ಖಾಲಿ ಇದೆ?” ಅದು ತಪ್ಪು ಪ್ರಶ್ನೆ ಅಂತ ನಾನು ಹೇಳುವುದಿಲ್ಲ. ಮಗು ಗಾಡಿಯಲ್ಲಿ ಕೂತಿದೆ, ಗಂಟೆ ಹನ್ನೊಂದೂವರೆ ಆಗಿದೆ, ಯಾರಾದರೂ ಬಾಗಿಲು ತೆಗೆಯಲೇಬೇಕು. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎಷ್ಟು ದಿನಕ್ಕೆ? ನನ್ನ ತಕರಾರು ಇರುವುದು ಅಲ್ಲಿ.

ನಾನು ಮೊದಲು ತುರ್ತು ಆಶ್ರಯ ಕೊಡುವ ಒಂದು ಹೋಮ್‌ನಲ್ಲಿ ನೈಟ್ ಡ್ಯೂಟಿ ಮಾಡುತ್ತಿದ್ದೆ. ಈಗ ಅಂಥದೇ ಮಕ್ಕಳನ್ನು ನನ್ನ ಮನೆಯಲ್ಲಿ ಕೆಲವು ರಾತ್ರಿ, ಕೆಲವು ಸಲ ಕೆಲವು ವಾರ ಇಟ್ಟುಕೊಳ್ಳುತ್ತೇನೆ. ಹೀಗೆ ಬೇರೆಯವರ ಮಗುವನ್ನು ಸ್ವಲ್ಪ ಕಾಲ ನೋಡಿಕೊಳ್ಳುವ ಮನೆಗೆ ಫಾಸ್ಟರ್ ಮನೆ ಅನ್ನುತ್ತಾರೆ. ಹೋಮ್ ಅಂದರೆ ಕೆಟ್ಟದು, ಫಾಸ್ಟರ್ ಮನೆ ಅಂದರೆ ಒಳ್ಳೆಯದು ಅಂತ ಇಲ್ಲಿ ಬರೆದುಬಿಟ್ಟರೆ ಓದುವವರಿಗೆ ಸುಲಭ. ಆದರೆ ಅದು ನಿಜವಲ್ಲ. ಒಳ್ಳೆ ಹೋಮ್‌ಗಳನ್ನೂ ನೋಡಿದ್ದೇನೆ, ಮಗುವನ್ನು ಇಟ್ಟುಕೊಳ್ಳಬಾರದಾಗಿದ್ದ ಮನೆಗಳನ್ನೂ ನೋಡಿದ್ದೇನೆ. ಎರಡೂ ಕಡೆ ಸಮಾನವಾಗಿ ಕಂಡದ್ದು ಒಂದೇ. ಎರಡು ರಾತ್ರಿಗೆಂದು ಬಂದ ಮಗು ಎರಡು ವರ್ಷ ಆದರೂ ಅಲ್ಲೇ ಇರುತ್ತದೆ. ಇರಲಿ ಅಂತ ಯಾರೂ ತೀರ್ಮಾನ ಮಾಡಿರುವುದಿಲ್ಲ. ಆದರೂ ಆಗಿಬಿಟ್ಟಿರುತ್ತದೆ.

ಹೇಗೆ ಆಗುತ್ತದೆ ಅಂತ ನಿಮಗೂ ಗೊತ್ತು, ಆದರೂ ಬರೆದಿಡುತ್ತೇನೆ. ರಾತ್ರಿ ಆ ಮಗು ಇಡೀ ಕಚೇರಿಗೆ ತುರ್ತು ಕೇಸು. ಬೆಳಿಗ್ಗೆ ಅದು ‘ಸುರಕ್ಷಿತವಾಗಿದೆ’. ಸುರಕ್ಷಿತವಾದ ಮಗುವಿನ ಫೈಲು ಮೇಜಿನ ಮೇಲಿಂದ ಕಪಾಟಿಗೆ ಹೋಗುತ್ತದೆ, ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಫೋನ್ ಬಂದಿರುತ್ತದೆ. ಆ ಫೈಲು ನೋಡಿಕೊಳ್ಳುವ ಕೇಸ್ ವರ್ಕರ್ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅವರ ಕೈಯಲ್ಲಿ ಜಾಸ್ತಿ ಕೇಸುಗಳಿವೆ, ಹೊತ್ತಿ ಉರಿಯುತ್ತಿರುವುದನ್ನು ಅವರು ಮೊದಲು ನೋಡಲೇಬೇಕು. ಒಂದು ತಿಂಗಳಾದ ಮೇಲೆ ಮಗುವನ್ನು ಹೋಮ್ ಹತ್ತಿರದ ಸ್ಕೂಲಿಗೆ ಸೇರಿಸುತ್ತಾರೆ. ಈಗ ‘ವರ್ಷದ ಮಧ್ಯೆ ಸ್ಕೂಲು ತಪ್ಪಿಸುವುದು ಬೇಡ’ ಅನ್ನುವ ಕಾರಣ ಹುಟ್ಟಿತು. ಅಮ್ಮನ ಫೋನ್ ನಂಬರ್ ಬದಲಾಯಿತು, ಅಪ್ಪ ಕೆಲಸಕ್ಕೆ ಬೇರೆ ಊರಿಗೆ ಹೋದ, ಕೇಸ್ ವರ್ಕರ್‌ಗೆ ವರ್ಗ ಆಯಿತು. ಹೊಸಬರು ಫೈಲು ತೆರೆದು ನೋಡಿದರೆ ಮಗು ‘ಹೊಂದಿಕೊಂಡಿದೆ’ ಅಂತ ಬರೆದಿದೆ. ಹೊಂದಿಕೊಂಡ ಮಗುವನ್ನು ಯಾಕೆ ಕದಲಿಸಬೇಕು, ಅಲ್ವಾ?

ಇದನ್ನು ತಡೆಯುವ ಮಾತು ಕಾಗದದಲ್ಲಿ ಇಲ್ಲ ಅಂತಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಬಂತು. ಮನೆಯಿಂದ ಹೊರಗಿಟ್ಟು ಆರೈಕೆ ಮಾಡುವ ಪ್ರತಿ ಮಗುವಿನ ಸ್ಥಿತಿಯನ್ನು ಆಗಾಗ ಪರಿಶೀಲಿಸಬೇಕು ಅನ್ನುವುದು ಅದರ 25ನೇ ವಿಧಿಯಲ್ಲೇ ಇದೆ. ಇಪ್ಪತ್ತು ವರ್ಷಗಳ ನಂತರ, 2009ರ ಡಿಸೆಂಬರ್‌ನಲ್ಲಿ, ಮಕ್ಕಳ ಪರ್ಯಾಯ ಆರೈಕೆಗೆಂದೇ ವಿಶ್ವಸಂಸ್ಥೆಯ ಮಾರ್ಗಸೂಚಿಗಳು ಬಂದವು. ಮಗುವನ್ನು ಮನೆಯಿಂದ ಬೇರೆ ಮಾಡುವುದು ಕೊನೆಯ ದಾರಿಯಾಗಿರಬೇಕು, ಸಾಧ್ಯವಾದಷ್ಟು ಕಡಿಮೆ ದಿನಕ್ಕೆ ಇರಬೇಕು ಅಂತ ಅವು ಹೇಳುತ್ತವೆ. ಬಡತನ ಒಂದೇ ಕಾರಣಕ್ಕೆ ಮಗುವನ್ನು ಎತ್ತಿಕೊಂಡು ಬರಬಾರದು ಅಂತಲೂ ಹೇಳುತ್ತವೆ. ತಾತ್ಕಾಲಿಕ ವ್ಯವಸ್ಥೆಯನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು ಅಂತಲೂ ಇದೆ. ಚಿಕ್ಕ ಮಕ್ಕಳು, ಅದರಲ್ಲೂ ಮೂರು ವರ್ಷದೊಳಗಿನವರು, ಕುಟುಂಬದಂಥ ಜಾಗದಲ್ಲೇ ಇರಬೇಕು.

ಇದಕ್ಕೊಂದು ವಿನಾಯಿತಿ ಇದೆ. ತುರ್ತು ಸಂದರ್ಭದಲ್ಲಿ, ಅಥವಾ ಮೊದಲೇ ಗೊತ್ತುಮಾಡಿದ ತೀರಾ ಕಡಿಮೆ ಅವಧಿಗೆ, ಚಿಕ್ಕ ಮಗುವನ್ನೂ ಸಂಸ್ಥೆಯಲ್ಲಿ ಇಡಬಹುದು. ವಿನಾಯಿತಿ ಸರಿಯಾದದ್ದೇ. ಬಾಗಿಲು ಮುಚ್ಚಿಕೊಂಡು ಮಗುವನ್ನು ಬೀದಿಯಲ್ಲಿ ನಿಲ್ಲಿಸಲಾಗದು. ತೊಂದರೆ ಏನೆಂದರೆ ನಾವು ‘ತುರ್ತು’ ಅನ್ನುವುದನ್ನು ಇಟ್ಟುಕೊಂಡೆವು, ‘ಮೊದಲೇ ಗೊತ್ತುಮಾಡಿದ ಅವಧಿ’ ಅನ್ನುವುದನ್ನು ಮರೆತೆವು. ನಾನು ಕಂಡ ಹೆಚ್ಚಿನ ಮಕ್ಕಳು ದೀರ್ಘಕಾಲದ ಆರೈಕೆಯೊಳಗೆ ಬಂದದ್ದೇ ತುರ್ತಿನ ಬಾಗಿಲಿನಿಂದ. ಬೇರೆ ಎಲ್ಲ ನಿಯಮ ಎಷ್ಟೇ ಬಿಗಿ ಇದ್ದರೂ ಈ ಒಂದು ಬಾಗಿಲು ಸಡಿಲ ಇದ್ದರೆ ಸಾಕು.

ಆ ಬಾಗಿಲಲ್ಲಿ ಏನಾಗುತ್ತದೆ ಅನ್ನುವುದನ್ನು ನಿಮ್ಮಲ್ಲಿ ತುಂಬಾ ಜನ ನೋಡಿರಲಿಕ್ಕಿಲ್ಲ. ನೀವು ಮನೆಗೆ ಹೋದ ಮೇಲೆ ನಡೆಯುವ ಕೆಲಸ ಅದು. ಮಗುವನ್ನು ಕರೆತಂದವರು ಒಂದು ಫಾರಂ ಕೊಡುತ್ತಾರೆ. ಎತ್ತರ, ತೂಕ, ಮೈಮೇಲಿನ ಗಾಯ, ಜೊತೆಗೆ ತಂದ ವಸ್ತುಗಳ ಪಟ್ಟಿ, ಒಪ್ಪಿಸಿದವರ ಸಹಿ, ಪಡೆದವರ ಸಹಿ. ಲಗೇಜ್ ಬಿಟ್ಟುಹೋಗುವಾಗ ಕೊಡುವ ರಸೀದಿಯ ಹಾಗೆ ಇರುತ್ತದೆ. ಮನೆಯಲ್ಲಿ ಇದನ್ನು ಏನಂತ ಕರೆಯುತ್ತಾರೆ, ಲೈಟ್ ಆರಿಸಿದರೆ ಹೆದರುತ್ತದಾ, ಯಾರ ಪಕ್ಕ ಮಲಗಿ ಅಭ್ಯಾಸ, ಯಾವುದಾದರೂ ಔಷಧಿ ನಡೀತಾ ಇದೆಯಾ, ಇವಕ್ಕೆ ಕಾಲಂ ಇರಲಿಲ್ಲ. ಇದ್ದರೂ ತುಂಬಿರುತ್ತಿರಲಿಲ್ಲ. ಉಸಿರಾಟದ ತೊಂದರೆ ಇದ್ದ ಒಂದು ಮಗುವಿನ ಔಷಧಿಯ ಪಂಪು (ಇನ್‌ಹೇಲರ್) ಅದರ ಮನೆಯಲ್ಲೇ ಉಳಿದಿತ್ತು. ಅದು ನಮಗೆ ಗೊತ್ತಾಗಿದ್ದು ನಡುರಾತ್ರಿ, ಆ ಮಗುವಿನ ಬಾಯಿಂದಲೇ.

ಆರು ವರ್ಷದ ಹುಡುಗನೊಬ್ಬ ಶೂ ಬಿಚ್ಚದೆ ಮಲಗಿದ. ಎಷ್ಟು ಹೇಳಿದರೂ ಬಿಚ್ಚಲಿಲ್ಲ. ಕೊನೆಗೆ ನಾನು ಹೇಳುವುದನ್ನು ಬಿಟ್ಟು ಪಕ್ಕದಲ್ಲಿ ಸುಮ್ನೆ ಕೂತೆ. ಆಮೇಲೆ ಅವನೇ ಹೇಳಿದ, “ನಾಳೆ ಎಲ್ಲಿಗೆ ಕರ್ಕೊಂಡು ಹೋಗ್ತೀರೋ ಗೊತ್ತಿಲ್ವಲ್ಲ.” ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನನಗೂ ಗೊತ್ತಿರಲಿಲ್ಲ. ಅವನನ್ನು ಕರೆತಂದವರಿಗೂ ಗೊತ್ತಿರಲಿಲ್ಲ. ತನ್ನ ಮನೆಯಲ್ಲಿ ನಡೆದದ್ದರ ಬಗ್ಗೆ ಅವನು ಆ ರಾತ್ರಿ ಒಂದು ಮಾತೂ ಆಡಲಿಲ್ಲ, ಕೇಳಿದ್ದೆಲ್ಲ ಮುಂದಿನದರ ಬಗ್ಗೆ. ನಾಳೆ ಸ್ಕೂಲಿಗೆ ಹೋಗಬೇಕಾ? ಅಮ್ಮನಿಗೆ ನಾನು ಇಲ್ಲಿರುವುದು ಗೊತ್ತಾ? ನನ್ನ ಬ್ಯಾಗು ಯಾರು ತರುತ್ತಾರೆ? ಯಾವುದಕ್ಕೂ ದೊಡ್ಡ ಮನಶ್ಶಾಸ್ತ್ರ ಬೇಕಿಲ್ಲ. ಉತ್ತರ ಗೊತ್ತಿರುವ ಒಬ್ಬ ಮನುಷ್ಯ ಬೇಕು.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಹೇಳಿಕೊಡುವ ಒಂದು ಸಣ್ಣ ವಿಷಯ ಇದೆ. ಮಗು ತಂದ ಹೊದಿಕೆ ಎಷ್ಟೇ ಕೊಳೆಯಾಗಿದ್ದರೂ ಮೊದಲ ರಾತ್ರಿಯೇ ಒಗೆಯಲು ಹಾಕಬೇಡಿ. ಅದರಲ್ಲಿರುವ ವಾಸನೆ ಮಾತ್ರವೇ ಅವತ್ತು ಆ ಮಗುವಿಗೆ ಪರಿಚಯದ್ದು. ಶುಚಿತ್ವದ ನಿಯಮ ಬರೆದವರಿಗೆ ಇದು ಹಿಡಿಸುವುದಿಲ್ಲ. ಹೋಮ್‌ಗಳ ತಪಾಸಣೆಗೆ ಬರುವವರು ಬೆಡ್‌ಶೀಟ್ ನೋಡುತ್ತಾರೆ, ಟಾಯ್ಲೆಟ್ ನೋಡುತ್ತಾರೆ, ಅಡುಗೆಮನೆ ನೋಡುತ್ತಾರೆ. ನೋಡಲಿ, ನೋಡಲೇಬೇಕು. ಹಾಗೇ, ಕಳೆದ ವಾರ ಬಂದ ಮಗುವನ್ನು ಮಲಗಿಸುವುದು ಯಾರು, ದಿನಾ ಅದೇ ಮನುಷ್ಯನಾ ಅಂತಲೂ ಒಂದು ಸಲ ಕೇಳಲಿ.

ಅದನ್ನು ಕೇಳಬೇಕಾದ್ದು ಯಾಕೆ ಅನ್ನುವುದಕ್ಕೆ ಹಳೆಯ ಸಾಕ್ಷಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಮಕ್ಕಳ ಮನೋವಿಶ್ಲೇಷಕರು ಯುದ್ಧದಿಂದ ಚದುರಿದ ಕುಟುಂಬಗಳ ಮಕ್ಕಳಿಗೆಂದು ನರ್ಸರಿಗಳನ್ನು ನಡೆಸಿದರು. ಹಗಲು ರಾತ್ರಿ ಅಲ್ಲೇ ಇರುತ್ತಿದ್ದ ಮಕ್ಕಳು. ಮೊದಮೊದಲು ಎಲ್ಲ ನರ್ಸ್‌ಗಳೂ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದರು. ಆಮೇಲೆ ಮಕ್ಕಳನ್ನು ಸಣ್ಣ ಸಣ್ಣ ‘ಕುಟುಂಬ’ಗಳಾಗಿ ಮಾಡಿ, ಪ್ರತಿ ಗುಂಪಿಗೂ ಒಬ್ಬ ನರ್ಸನ್ನು ಅಮ್ಮನ ಜಾಗದಲ್ಲಿ ಇಟ್ಟರು. ಮೊದಲು ಆದದ್ದು ಗಲಾಟೆ. ‘ನನ್ನ ನರ್ಸ್’ ಅಂತ ಜಗಳ, ಹೊಟ್ಟೆಕಿಚ್ಚು, ಆಕೆ ಕೋಣೆಯಿಂದ ಹೊರಗೆ ಹೋದರೆ ಅಳು. ಶಿಸ್ತು ನೋಡುವವರ ಕಣ್ಣಿಗೆ ಇದು ಹಿನ್ನಡೆ. ಆದರೆ ಅದರ ಬೆನ್ನಿಗೇ ಮಾತು, ಟಾಯ್ಲೆಟ್ ಅಭ್ಯಾಸ ಎಲ್ಲ ಚುರುಕಾಗಿ ಬರತೊಡಗಿದವು. ಕಟ್ಟಡ ಅದೇ, ಸಿಬ್ಬಂದಿ ಅದೇ. ಬದಲಾದದ್ದು ಡ್ಯೂಟಿ ಚಾರ್ಟು.

ಹೋಮ್ ನಡೆಸುವವರು ನನ್ನ ಹತ್ತಿರ “ನಮಗೆ ಜನ ಸಾಲುವುದಿಲ್ಲ” ಅಂದಾಗ ನಾನು ಇದನ್ನು ನೆನಪಿಸುತ್ತೇನೆ. ಜನ ಜಾಸ್ತಿ ಬೇಕು ಅನ್ನುವುದು ನಿಜ. ಅಷ್ಟರೊಳಗೆ ಇರುವ ಜನರನ್ನೇ ಹೀಗೆ ಹಂಚಬಹುದಲ್ಲ? ಮೂರು ಶಿಫ್ಟಿನಲ್ಲಿ ಬಂದುಹೋಗುವ ಒಂಬತ್ತು ಮುಖಗಳಲ್ಲಿ ಒಂದಾದರೂ ‘ಇದು ನನ್ನವರು’ ಅಂತ ಮಗುವಿಗೆ ಅನ್ನಿಸುವಂತಿರಬೇಕು.

ಇನ್ನೊಂದು ಸಾಕ್ಷಿ ರುಮೇನಿಯಾದ್ದು. ಅಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ 1989ರಲ್ಲಿ ಬಿದ್ದಾಗ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ತುಂಬಿಟ್ಟಿದ್ದ ಮಕ್ಕಳ ಸ್ಥಿತಿ ಜಗತ್ತಿಗೆ ಗೊತ್ತಾಯಿತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳು ತಮ್ಮ ತಂಡದೊಂದಿಗೆ ಬುಕಾರೆಸ್ಟ್‌ನ ಆರು ಸಂಸ್ಥೆಗಳಲ್ಲಿದ್ದ 136 ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಆರು ತಿಂಗಳಿಂದ ಮೂವತ್ತೊಂದು ತಿಂಗಳೊಳಗಿನ ಕೂಸುಗಳು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನು ಫಾಸ್ಟರ್ ಕುಟುಂಬಗಳಿಗೆ ಕಳಿಸಿದರು. ಉಳಿದವರಿಗೆ ಅಲ್ಲಿ ಮಾಮೂಲಿಯಾಗಿ ಸಿಗುತ್ತಿದ್ದ ಆರೈಕೆ. ಕುಟುಂಬಕ್ಕೆ ಹೋದವರ ಬುದ್ಧಿಯ ಬೆಳವಣಿಗೆ, ಒಬ್ಬರನ್ನು ನಂಬಿ ಹಚ್ಚಿಕೊಳ್ಳುವ ಶಕ್ತಿ ಎರಡೂ ಚೆನ್ನಾಗಿದ್ದವು. ಸುಮಾರು ಎರಡು ವರ್ಷ ತುಂಬುವುದರೊಳಗೆ ಹೋದವರಿಗೆ ಅದರ ಲಾಭ ಇನ್ನೂ ಜಾಸ್ತಿ ಸಿಕ್ಕಿತು. ರುಮೇನಿಯಾ 2004ರಲ್ಲಿ ಕಾನೂನು ಮಾಡಿ, ತೀವ್ರ ಅಂಗವೈಕಲ್ಯ ಇರುವವರನ್ನು ಬಿಟ್ಟು, ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗಳಲ್ಲಿ ಇಡುವುದನ್ನು ನಿಲ್ಲಿಸಿತು.

ಈ ಅಧ್ಯಯನದ ಬಗ್ಗೆ ಭಾಷಣ ಮಾಡುವವರು ಬಿಟ್ಟುಬಿಡುವ ಒಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಆ ಹೊತ್ತಿಗೆ ಬುಕಾರೆಸ್ಟ್‌ನಲ್ಲಿ ಫಾಸ್ಟರ್ ಕುಟುಂಬಗಳು ಇದ್ದೂ ಇಲ್ಲದ ಹಾಗಿದ್ದವು. ತಂಡವೇ ಹೊಸದಾಗಿ ಕುಟುಂಬಗಳನ್ನು ಹುಡುಕಿ, ತರಬೇತಿ ಕೊಟ್ಟು, ದುಡ್ಡು ಕೊಟ್ಟು, ಬೆನ್ನಿಗೆ ಸಮಾಜಕಾರ್ಯಕರ್ತರನ್ನು ನಿಲ್ಲಿಸಿತು. 68 ಮಕ್ಕಳಿಗೆ 56 ಕುಟುಂಬಗಳು. ಅಂದರೆ ‘ನಮ್ಮಲ್ಲಿ ಇಂಥ ಕುಟುಂಬಗಳು ಸಿಗುವುದಿಲ್ಲ’ ಅನ್ನುವ ಮಾತಿಗೆ ಅಲ್ಲಿ ಉತ್ತರ ಇದೆ. ಬರೀ ಕುಟುಂಬಕ್ಕೆ ಹಾಕಿದ್ದರಿಂದ ಮಕ್ಕಳು ಚೇತರಿಸಿಕೊಂಡರು ಅನ್ನುವುದೂ ಅರ್ಧ ಸತ್ಯ. ಆಧಾರ ಇದ್ದ ಕುಟುಂಬಕ್ಕೆ ಹಾಕಿದ್ದರು.

ಆಧಾರ ಇಲ್ಲದ ಕುಟುಂಬದ ಕಥೆ ನನ್ನಂಥವರನ್ನು ಕೇಳಿ. ರಾತ್ರಿ ಫೋನ್ ಬರುತ್ತದೆ. “ಎಂಟು ವರ್ಷದ ಹುಡುಗಿ, ತೊಂದರೆ ಏನೂ ಇಲ್ಲ, ಒಂದೆರಡು ದಿನ.” ತೊಂದರೆ ಏನೂ ಇಲ್ಲದಿದ್ದರೆ ಆ ಮಗು ನನ್ನ ಮನೆಗೆ ಯಾಕೆ ಬರುತ್ತಿತ್ತು? ಜ್ವರ ಬಂದರೆ ಆಸ್ಪತ್ರೆಯಲ್ಲಿ ಸಹಿ ಹಾಕುವ ಅಧಿಕಾರ ನನಗೆ ಇದೆಯೋ ಇಲ್ಲವೋ ಹೇಳುವುದಿಲ್ಲ. ಯಾರಾದರೂ ಮಗುವನ್ನು ಹುಡುಕಿಕೊಂಡು ಬಂದು ಬಾಗಿಲು ಬಡಿದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಹೇಳುವುದಿಲ್ಲ. ಕೊಟ್ಟ ನಂಬರು ಸಂಜೆ ಐದರ ಮೇಲೆ ಎತ್ತುವುದಿಲ್ಲ. ಭತ್ಯೆ ಮಗು ಹೋದ ಎಷ್ಟೋ ದಿನಗಳ ಮೇಲೆ ಬರುತ್ತದೆ. ಮಗುವನ್ನು ಕರೆದೊಯ್ಯುವ ದಿನ ಬೆಳಿಗ್ಗೆ ತಿಳಿಸುತ್ತಾರೆ, ಮಧ್ಯಾಹ್ನ ಗಾಡಿ ನಿಂತಿರುತ್ತದೆ. ಆಮೇಲೆ ಆ ಮಗು ಎಲ್ಲಿದೆ, ಹೇಗಿದೆ ಅಂತ ಕೇಳಿದರೆ “ಅದು ಗೌಪ್ಯ” ಅನ್ನುತ್ತಾರೆ. ಗೌಪ್ಯತೆಗೆ ನನ್ನ ಗೌರವ ಇದೆ. ‘ಚೆನ್ನಾಗಿದೆ’ ಅನ್ನುವ ಒಂದು ಮಾತಿನಿಂದ ಯಾವ ಗುಟ್ಟು ಹೊರಬೀಳುತ್ತದೋ ಕಾಣೆ.

ಹೀಗೆ ನಡೆಸಿಕೊಂಡರೆ ಫಾಸ್ಟರ್ ಕುಟುಂಬಗಳು ಒಂದೆರಡು ಮಕ್ಕಳಾದ ಮೇಲೆ ಸದ್ದಿಲ್ಲದೆ ಹಿಂದೆ ಸರಿಯುತ್ತವೆ. ಮಕ್ಕಳು ಕಷ್ಟ ಕೊಟ್ಟರು ಅಂತ ಬಿಟ್ಟವರಿಗಿಂತ ಇಲಾಖೆ ಕೈಬಿಟ್ಟಿತು ಅಂತ ಬಿಟ್ಟವರೇ ನನಗೆ ಗೊತ್ತಿರುವವರಲ್ಲಿ ಜಾಸ್ತಿ. ಆಮೇಲೆ ನೀವು ವರದಿಯಲ್ಲಿ ‘ಕುಟುಂಬಗಳ ಕೊರತೆ’ ಅಂತ ಬರೆಯುತ್ತೀರಿ, ಆ ಕೊರತೆ ತೋರಿಸಿ ಮತ್ತೆ ಹೋಮ್‌ಗಳಲ್ಲಿ ಬೆಡ್ ಹೆಚ್ಚಿಸುತ್ತೀರಿ.

ಫಾಸ್ಟರ್ ಮನೆಯೊಳಗೂ ಮಗುವಿಗೆ ನೋವಾಗಬಹುದು. ಆಗಿದೆ, ಆಗುತ್ತಿದೆ. ನಾಲ್ಕು ಗೋಡೆಯ ಒಳಗೆ ಹೋಮ್‌ಗಿಂತ ಕಡಿಮೆ ಕಣ್ಣುಗಳಿರುತ್ತವೆ ಅನ್ನುವುದನ್ನು ನನ್ನ ಕಡೆಯವರು ಒಪ್ಪಬೇಕು. ಮೊದಲೇ ಹೇಳದೆ ಬಂದು ನೋಡಿ. ನಾನು ಇಲ್ಲದಾಗ ಮಗುವಿನ ಜೊತೆ ಮಾತಾಡಿ. ಮನೆಯ ಹೊರಗಿನ ಒಬ್ಬರ ಹೆಸರು, ಫೋನ್ ನಂಬರು ಮಗುವಿನ ಕೈಯಲ್ಲೇ ಇರಲಿ. ಇದರಿಂದ ಬೇಜಾರಾಗುವ ಕುಟುಂಬ ಇದ್ದರೆ ಅದು ಈ ಕೆಲಸಕ್ಕೆ ಬೇಡ.

ಇನ್ನು, ಯಾವ ಮಗುವಿಗೆ ಹೋಮ್ ಸರಿ? ಮನೆಯವರಿಂದಲೇ ಏಟು ತಿಂದು, ಆಮೇಲೆ ಎರಡು ಮೂರು ಫಾಸ್ಟರ್ ಮನೆಗಳಿಂದಲೂ ವಾಪಸ್ಸಾಗಿ, ‘ಅಪ್ಪ’, ‘ಅಮ್ಮ’ ಅನ್ನುವ ಯಾರ ಹತ್ತಿರವೂ ಹೋಗಲಾರೆ ಅನ್ನುವ ಹದಿನೈದರ ಹುಡುಗನಿಗೆ ಹೋಮ್ ಒಂದು ನೆಮ್ಮದಿ. ಅಲ್ಲಿ ಯಾರೂ ಅವನಿಂದ ಪ್ರೀತಿ ಕೇಳುವುದಿಲ್ಲ. ಮಾನವ ಸಾಗಾಣಿಕೆಯಿಂದ ಬಿಡಿಸಿ ತಂದ ಹುಡುಗಿಯನ್ನು ಹುಡುಕುತ್ತಿರುವವರಿದ್ದಾರೆ ಅಂದರೆ ಕಾವಲು ಇರುವ ಜಾಗ ಬೇಕು. ಐದು ಜನ ಒಡಹುಟ್ಟಿದವರು ಒಟ್ಟಿಗೆ ಬಂದರೆ ಅಷ್ಟೂ ಜನರನ್ನು ಹಿಡಿಸುವ ಮನೆ ಆ ರಾತ್ರಿ ಸಿಗದಿರಬಹುದು. ಇಂಥವರಿಗೆ ಚಿಕ್ಕದಾದ, ತಿಳಿವಳಿಕೆ ಇರುವ ಸಿಬ್ಬಂದಿಯ ಹೋಮ್ ಬೇಕೇ ಬೇಕು. ಮಕ್ಕಳ ಮನೆಗೆ ಹತ್ತಿರದಲ್ಲಿರಬೇಕು. ವಿಶ್ವಸಂಸ್ಥೆಯ ಮಾರ್ಗಸೂಚಿಗಳು ಹೇಳುವುದೂ ಅದನ್ನೇ.

ಒಡಹುಟ್ಟಿದವರ ವಿಷಯ ಬಂದದ್ದರಿಂದ ಒಂದು ಮಾತು. ಒಂಬತ್ತು ವರ್ಷದ ಅಕ್ಕ, ಮೂರು ವರ್ಷದ ತಮ್ಮ ಒಂದೇ ರಾತ್ರಿ ಬಂದರು. ಆರು ವರ್ಷದೊಳಗಿನವರಿಗೆ ಬೇರೆ ಕಟ್ಟಡ ಅನ್ನುವುದು ನಮ್ಮ ಹೋಮ್‌ನ ನಿಯಮ. ತಮ್ಮನನ್ನು ಎತ್ತಿಕೊಂಡಿದ್ದ ಅಕ್ಕನ ತೋಳನ್ನು ಬಿಡಿಸಬೇಕಾಯಿತು. ಆ ಹುಡುಗಿ ಅಳಲಿಲ್ಲ. ಬೆಳಿಗ್ಗೆ ಬಂದು, ದೊಡ್ಡವರು ವಿಚಾರಿಸುವ ಹಾಗೆ, “ಅವನು ನಿದ್ದೆ ಮಾಡಿದ್ನಾ?” ಅಂತ ಕೇಳಿದಳು. ಬೇರೆ ಕಟ್ಟಡದ ಸುದ್ದಿ ನನಗೆ ಹೇಗೆ ಗೊತ್ತಿರಬೇಕು? ಅವಳಿಗೆ ಮನೆಯಲ್ಲಿ ಇದ್ದ ಒಂದೇ ಕೆಲಸ ಅವನನ್ನು ನೋಡಿಕೊಳ್ಳುವುದು, ಅದನ್ನೂ ನಾವು ಕಿತ್ತುಕೊಂಡಿದ್ದೆವು. ವಯಸ್ಸಿನ ಪ್ರಕಾರ ಕಟ್ಟಡ ಹಂಚುವ ನಿಯಮ ಇರುವ ಎಲ್ಲ ಹೋಮ್‌ಗಳಿಗೂ ನನ್ನ ಕೋರಿಕೆ ಇದು. ಮೊದಲ ಕೆಲವು ದಿನ ಆ ನಿಯಮವನ್ನು ಪಕ್ಕಕ್ಕಿಡಿ.

ಹೋಮೂ ಬೇಡ, ಅಪರಿಚಿತರ ಮನೆಯೂ ಬೇಡ ಅನ್ನುವಂಥ ಮೂರನೇ ಜಾಗ ಹೆಚ್ಚಿನ ಮಕ್ಕಳಿಗೆ ಇರುತ್ತದೆ. ಅಜ್ಜಿ, ಚಿಕ್ಕಮ್ಮ, ಸೋದರಮಾವ, ಪಕ್ಕದ ಮನೆಯ ಆಂಟಿ, ಟೀಚರ್. “ನಿನಗೆ ಭಯ ಆದಾಗ ಯಾರ ಹತ್ತಿರ ಹೋಗುತ್ತಿದ್ದೆ?” ಅಂತ ಮಗುವನ್ನೇ ಕೇಳಿದರೆ ಹೆಸರು ಬರುತ್ತದೆ. ಆ ಮನೆ ಸುರಕ್ಷಿತವಾ ಅಂತ ಅದೇ ರಾತ್ರಿ ಪರೀಕ್ಷಿಸಲು ಜನ ಬೇಕು, ಅದು ಕಷ್ಟದ ಕೆಲಸ, ಒಪ್ಪುತ್ತೇನೆ. ಹಲ್ಲೆ ಮಾಡಿದವನು ಅದೇ ಮನೆಗೆ ಬಂದುಹೋಗುವವನಾದರೆ ಅಲ್ಲಿಗೆ ಕಳಿಸುವಂತಿಲ್ಲ. ಆದರೆ ಮರುದಿನ, ಮೂರನೇ ದಿನ ಆದರೂ ಆ ಅಜ್ಜಿಗೆ ಯಾರಾದರೂ ಫೋನ್ ಮಾಡಬೇಕಲ್ಲ? ಮಗು ಹೋಮ್‌ನಲ್ಲಿ ಇದೆ ಅಂತಲೇ ಗೊತ್ತಿಲ್ಲದ ಅಜ್ಜಿಯರಿದ್ದಾರೆ. ಇನ್ನೊಂದು ವಿಚಿತ್ರ ನೋಡಿ. ನನಗೆ ಭತ್ಯೆ ಕೊಡಲು ಒಪ್ಪುವ ವ್ಯವಸ್ಥೆ ಅದೇ ಮಗುವನ್ನು ಸಾಕುವ ಅಜ್ಜಿಗೆ ‘ನಿಮ್ಮದೇ ಮೊಮ್ಮಗು ತಾನೇ’ ಅಂತ ಕೈ ಆಡಿಸಿಬಿಡುತ್ತದೆ. ಹೊಟ್ಟೆಗೆ ಸಂಬಂಧ ಗೊತ್ತಾಗುತ್ತದಾ?

ದುಡ್ಡಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಎಷ್ಟೋ ಕಡೆ ಹೋಮ್‌ಗೆ ತಲೆ ಲೆಕ್ಕದಲ್ಲಿ ಅನುದಾನ. ಮಗು ಇದ್ದಷ್ಟು ದಿನ ಹಣ, ಹೋದರೆ ನಿಂತಿತು. ಬೆಡ್ ಖಾಲಿಯಾದರೆ ಅಡುಗೆಯವರ ಸಂಬಳಕ್ಕೆ ಕತ್ತರಿ. ಹೀಗಿರುವಾಗ ಮಗುವನ್ನು ಬೇಗ ಮನೆ ಸೇರಿಸಿ ಅಂತ ಹೋಮ್‌ಗೆ ಉಪದೇಶ ಮಾಡಿ ಏನು ಪ್ರಯೋಜನ? ಅವರು ಕೆಟ್ಟವರಲ್ಲ, ಲೆಕ್ಕ ಹಾಗಿದೆ. ಅಗ್ನಿಶಾಮಕ ದಳಕ್ಕೆ ಬೆಂಕಿ ಬಿದ್ದ ಲೆಕ್ಕದಲ್ಲಿ ಸಂಬಳ ಕೊಡುವುದಿಲ್ಲ. ತುರ್ತು ಬೆಡ್ ಖಾಲಿ ಇರುವುದೇ ಅದರ ಕೆಲಸ. ಸಜ್ಜಾಗಿ ಕಾಯುವುದಕ್ಕೆ ಹಣ ಕೊಡಿ. ಫಾಸ್ಟರ್ ಕುಟುಂಬಗಳಿಗೂ ಹಾಗೆಯೇ. ಈ ವಾರ ನಮ್ಮ ಸರದಿ, ಫೋನ್ ಬಂದರೆ ಎತ್ತುತ್ತೇವೆ, ಬೇರೆ ಊರಿಗೆ ಹೋಗುವುದಿಲ್ಲ ಅಂತ ಒಪ್ಪಿಕೊಂಡ ಕುಟುಂಬಕ್ಕೆ ಮಗು ಬರಲಿ ಬಿಡಲಿ ಒಂದಿಷ್ಟು ಕೊಡಿ.

ತಾರೀಖಿನ ವಿಷಯಕ್ಕೆ ಮರಳುತ್ತೇನೆ. ಆಗದ ಮಾತನ್ನೇನೂ ನಾನು ಕೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆಯ ಪ್ರಕಾರ ಪೊಲೀಸರು ಅಪಾಯದಲ್ಲಿರುವ ಮಗುವನ್ನು ತಮ್ಮ ರಕ್ಷಣೆಗೆ ತೆಗೆದುಕೊಂಡರೆ ಅದು 72 ಗಂಟೆ ದಾಟುವಂತಿಲ್ಲ. ಕೋರ್ಟಿನ ತುರ್ತು ಆದೇಶ 8 ದಿನ, ಬೇಕಾದರೆ ಒಂದೇ ಒಂದು ಸಲ ಇನ್ನು 7 ದಿನ. ಆಮೇಲೂ ಕೋರ್ಟಿನ ಆದೇಶದ ಮೇಲೆ ಮಗುವನ್ನು ಹೊರಗಿಡಬೇಕಾದರೆ ಪೂರ್ತಿ ವಿಚಾರಣೆ ಆಗಬೇಕು, ಅದಕ್ಕೆ 2014ರ ಕಾನೂನು 26 ವಾರಗಳ ಗಡುವು ಹಾಕಿದೆ. ಬ್ರೆಜಿಲ್‌ನಲ್ಲಿ ಹೋಮ್‌ಗಳು ತುರ್ತು ಇದ್ದರೆ ಆದೇಶ ಇಲ್ಲದೆಯೂ ಮಗುವನ್ನು ಸೇರಿಸಿಕೊಳ್ಳಬಹುದು, ಆದರೆ 24 ಗಂಟೆಯೊಳಗೆ ನ್ಯಾಯಾಧೀಶರಿಗೆ ತಿಳಿಸಬೇಕು. ಮೂರು ತಿಂಗಳಿಗೊಮ್ಮೆ ಮರುಪರಿಶೀಲನೆ. ಮಗುವಿನ ಹಿತಕ್ಕೆ ಬೇಕೇಬೇಕು ಅಂತ ಕಾರಣ ತೋರಿಸದ ಹೊರತು 18 ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಹೋಮ್‌ಗಿಂತ ಫಾಸ್ಟರ್ ಕುಟುಂಬಕ್ಕೆ ಮೊದಲ ಆದ್ಯತೆ ಅಂತಲೂ ಅಲ್ಲಿನ ಕಾನೂನು ಹೇಳುತ್ತದೆ.

ಈ ದೇಶಗಳಲ್ಲಿ ಎಲ್ಲ ಸರಿಯಾಗಿದೆ ಅಂತ ಯಾರೂ ತಿಳಿಯಬೇಡಿ. ಇಂಗ್ಲೆಂಡಿನಲ್ಲಿ ಯಾರ ತಪಾಸಣೆಗೂ ಒಳಪಡದ ವಸತಿಗಳಲ್ಲಿ ಹದಿನಾರು ತುಂಬದ ಮಕ್ಕಳನ್ನೂ ಇಡುತ್ತಿದ್ದರು. ಅದನ್ನು ಕಾನೂನಿನಿಂದ ನಿಲ್ಲಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಮೆರಿಕ 2018ರಲ್ಲಿ ಒಂದು ಕಾನೂನು ತಂದಿತು. ಕೆಲವು ಬಗೆಯವನ್ನು ಬಿಟ್ಟು ಉಳಿದ ಹೋಮ್‌ಗಳಲ್ಲಿ ಮಗು ಎರಡು ವಾರ ದಾಟಿ ಉಳಿದರೆ ಒಕ್ಕೂಟ ಸರ್ಕಾರದ ಹಣ ಸಿಗದು ಅಂತ. ಆಲೋಚನೆ ಒಳ್ಳೆಯದೇ. ಆದರೆ ಮಕ್ಕಳನ್ನು ಕಳಿಸಲು ಕುಟುಂಬಗಳೂ ಸಿಗದೆ, ಸರಿಯಾದ ಹೋಮ್‌ಗಳೂ ಸಿಗದೆ, ಅಲ್ಲಿನ ಹಲವು ರಾಜ್ಯಗಳಲ್ಲಿ ಮಕ್ಕಳು ಇಲಾಖೆಯ ಕಚೇರಿಗಳಲ್ಲೇ, ಹೋಟೆಲ್ ರೂಮುಗಳಲ್ಲೇ ಮಲಗಿದ ವರದಿಗಳು ಬಂದಿವೆ. ಹಾಗಾಗಿ ಗಡುವು ಮಾತ್ರ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಗಡುವು ಮತ್ತು ಸಜ್ಜಾದ ಕುಟುಂಬಗಳು ಜೋಡಿಯಾಗಿಯೇ ಬರಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ತಂದರೆ ಮಗು ಕಚೇರಿಯ ಸೋಫಾ ಮೇಲೆ ಮಲಗುತ್ತದೆ.

ಗಡುವು ಹಾಕಿದರೆ ಆತುರದಲ್ಲಿ ಮಗುವನ್ನು ಅಪಾಯದ ಮನೆಗೇ ವಾಪಸ್ ಕಳಿಸಿಬಿಡುತ್ತಾರೆ ಅನ್ನುವ ಭಯ ನಿಮ್ಮಲ್ಲಿ ಕೆಲವರಿಗೆ ಇದೆ. ಒಬ್ಬ ಹಿರಿಯ ಅಧಿಕಾರಿ ನನಗೆ ನೇರವಾಗಿ ಇದನ್ನೇ ಹೇಳಿದರು. ಭಯ ಸುಳ್ಳಲ್ಲ. ಆದರೆ ನಾನು ಕೇಳುತ್ತಿರುವುದು ಮಗುವನ್ನು ಕಳಿಸುವ ತಾರೀಖಲ್ಲ, ತೀರ್ಮಾನದ ತಾರೀಖು. ಆ ದಿನ ‘ಇನ್ನೂ ಇಲ್ಲೇ ಇರಬೇಕು’ ಅಂತ ತೀರ್ಮಾನವಾದರೆ ಆಗಲಿ. ಯಾಕೆ, ಇನ್ನೆಷ್ಟು ದಿನ, ಅಷ್ಟರೊಳಗೆ ಯಾರು ಏನು ಮಾಡುತ್ತಾರೆ ಅಂತ ಬರೆದು ಸಹಿ ಹಾಕಿ. ಅಮ್ಮನಿಗೆ ಚಿಕಿತ್ಸೆ ಬೇಕಾ, ಬಾಡಿಗೆ ಮನೆ ಬೇಕಾ, ಹೊಡೆಯುವ ಗಂಡನಿಂದ ಬಿಡುಗಡೆ ಬೇಕಾ, ಅದಕ್ಕೆ ಯಾರು ಓಡಾಡುತ್ತಿದ್ದಾರೆ? ಮಗು ಹೋಮ್‌ನಲ್ಲಿ ಕಾಯುತ್ತಿರುವಾಗ ಮನೆಯ ಕಡೆ ಯಾರೂ ಏನೂ ಮಾಡದಿದ್ದರೆ ಆ ಕಾಯುವಿಕೆಗೆ ಅರ್ಥ ಏನು?

ಹಾಗೆಯೇ ಆ ತಾರೀಖನ್ನು ಮಗುವಿಗೂ ಹೇಳಿ. ಮಕ್ಕಳಿಗೆ ಹೇಳಿದರೆ ಗಾಬರಿಯಾಗುತ್ತಾರೆ ಅಂತ ಮುಚ್ಚಿಡುವವರನ್ನು ನೋಡಿದ್ದೇನೆ. ನಾನು ಕಂಡಂತೆ ಗೊತ್ತಿಲ್ಲದಿದ್ದಾಗಲೇ ಗಾಬರಿ ಜಾಸ್ತಿ. “ನಿನ್ನ ಬಗ್ಗೆ ಮುಂದಿನ ತಿಂಗಳು ಹತ್ತನೇ ತಾರೀಖು ಮಾತಾಡುತ್ತಾರೆ, ಏನಾಗುತ್ತೆ ಅಂತ ನನಗೂ ಗೊತ್ತಿಲ್ಲ, ಆದರೆ ಅವತ್ತು ಸಂಜೆ ನಾನೇ ಬಂದು ಹೇಳುತ್ತೇನೆ” ಅಂದರೆ ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಒಂದು ಮಗು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿಕೊಂಡಿತ್ತು. ಆ ದಿನ ಮೀಟಿಂಗ್ ಮುಂದಕ್ಕೆ ಹೋಯಿತು. ಇಲಾಖೆಯವರು ಮೇಜಿನ ಸುತ್ತ ಕೂರಬೇಕಿದ್ದ ಐದು ಜನರಿಗೆ ಫೋನ್ ಮಾಡಿ ತಿಳಿಸಿದ್ದರು, ಮಗುವಿಗೆ ತಿಳಿಸಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ನೇರವಾಗಿ ಇಷ್ಟು. ರಾತ್ರಿ ಮಗುವನ್ನು ಒಪ್ಪಿಸುವ ಆ ಫಾರಂನಲ್ಲಿ ಎರಡು ಕಾಲಂ ಸೇರಿಸಿ. ಒಂದು, ಈ ಮಗುವಿನ ಬಗ್ಗೆ ತೀರ್ಮಾನ ಆಗುವ ತಾರೀಖು. ಎರಡು, ಆ ದಿನ ಉತ್ತರ ಕೊಡಬೇಕಾದವರ ಹೆಸರು. ಹುದ್ದೆ ಸಾಲದು, ಹೆಸರೇ ಬೇಕು, ಯಾಕೆಂದರೆ ವರ್ಗವಾಗಿ ಹೋಗುವಾಗ ಆ ಹೆಸರನ್ನು ಹೊಡೆದು ಹೊಸ ಹೆಸರು ಬರೆಯಲೇಬೇಕಾಗುತ್ತದೆ. ಇವೆರಡು ಖಾಲಿ ಇದ್ದರೆ ಫಾರಂ ಪೂರ್ತಿಯಾಗಿಲ್ಲ ಅಂತ ಲೆಕ್ಕ. ಮಗುವನ್ನು ಒಳಗೆ ಕರೆದುಕೊಳ್ಳೋಣ, ಬಾಗಿಲಲ್ಲಿ ನಿಲ್ಲಿಸುವುದು ಬೇಡ. ಫಾರಂ ಮಾತ್ರ ಬೆಳಿಗ್ಗೆ ವಾಪಸ್ ನಿಮ್ಮ ಮೇಜಿಗೆ ಬರಲಿ. ಪ್ರತಿ ತಿಂಗಳ ಕೊನೆಗೆ, ತಾರೀಖು ದಾಟಿಯೂ ತೀರ್ಮಾನವಾಗದ ಮಕ್ಕಳು ಎಷ್ಟು ಅನ್ನುವ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಹೆಸರು ಬೇಡ, ಸಂಖ್ಯೆ ಸಾಕು.

ಈ ಪತ್ರ ಓದುತ್ತಿರುವ, ಮನೆಯಲ್ಲಿ ಒಂದು ಕೋಣೆ ಇರುವ ಜನರಿಗೂ ಒಂದು ಮಾತು. ವರ್ಷಗಟ್ಟಲೆ ಮಗುವನ್ನು ಸಾಕಲು ಆಗದವರು ಕೂಡ ತುರ್ತಿಗೆ ಕೆಲವು ರಾತ್ರಿ ಇಟ್ಟುಕೊಳ್ಳಬಲ್ಲರು. ಸಂತರಾಗಬೇಕಿಲ್ಲ. ನಿದ್ದೆಗೆಟ್ಟರೆ ಸಿಡುಕದಷ್ಟು ತಾಳ್ಮೆ ಬೇಕು, ಮಗು ಹೇಳಿದ್ದನ್ನು ಬೀದಿಗೆಲ್ಲ ಹೇಳದಷ್ಟು ಬಾಯಿ ಬಿಗಿ ಬೇಕು, ಹೋಗುವ ದಿನ ಕಳಿಸಿಕೊಡುವ ಗಟ್ಟಿತನ ಬೇಕು. ಅರ್ಜಿ ಹಾಕುವ ಮುಂಚೆ ಇಲಾಖೆಯವರನ್ನು ಒಂದು ಪ್ರಶ್ನೆ ಕೇಳಿ. ರಾತ್ರಿ ಮೂರು ಗಂಟೆಗೆ ನಾನು ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಅದಕ್ಕೆ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.

ಅಧಿಕಾರಿಗಳೇ, ಅಂಥ ಪ್ರಶ್ನೆ ನಿಮಗೆ ಬರಲಿದೆ. ಉತ್ತರ ಸಿದ್ಧ ಇಟ್ಟುಕೊಳ್ಳಿ.

ಇಂತಿ,
ಮೊದಲು ಹೋಮ್‌ನ ನೈಟ್ ಡ್ಯೂಟಿಯಲ್ಲಿದ್ದು, ಈಗ ಮನೆಯಲ್ಲೇ ಮಕ್ಕಳನ್ನು ಇಟ್ಟುಕೊಳ್ಳುವ ಒಬ್ಬಳು